ಅಳತೆಪಟ್ಟಿ ಯಾರ ಕೈಯಲ್ಲಿರಬೇಕು?

ಎರಡನೇ ಹಂತದ ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ಕುಂದಾಪುರ ತಾಲ್ಲೂಕಿನ ಕಡಲ ಬದಿಯ ಒಂದು ಪ್ರೌಢಶಾಲೆ. ನಾನು ಬಯಲುಸೀಮೆಯವಳು. ಸಮುದ್ರವನ್ನು ಮೊದಲು ನೋಡಿದ್ದೇ ಹೈಸ್ಕೂಲಿನ ಪ್ರವಾಸದಲ್ಲಿ. 8ನೇ ತರಗತಿಗೆ ‘ಸಸ್ಯಗಳು ಮತ್ತು ಪ್ರಾಣಿಗಳ ಸಂರಕ್ಷಣೆ’ ಘಟಕವನ್ನು ಪಾಠ ಮಾಡಬೇಕಿತ್ತು. ಹುಲಿ, ಆನೆ, ಅಭಯಾರಣ್ಯಗಳ ಚಿತ್ರಪಟ ತೂಗುಹಾಕುವ ಬದಲು ಮಕ್ಕಳ ಮನೆಯ ಮೀನಿನಿಂದಲೇ ಶುರು ಮಾಡೋಣ ಎಂದುಕೊಂಡೆ. ಸ್ಥಳೀಯ ಸಂಪನ್ಮೂಲ ಬಳಸಿ ಎಂದು ನಮ್ಮ ಉಪನ್ಯಾಸಕರು ಹೇಳುತ್ತಲೇ ಇರುತ್ತಾರಲ್ಲ.

ಕೊಟ್ಟ ಕೆಲಸ ಸರಳವಾಗಿತ್ತು. ಹತ್ತು ಬಂಗುಡೆ ಮೀನುಗಳನ್ನು ಮೂತಿಯಿಂದ ಬಾಲದ ತುದಿಯವರೆಗೆ ಸ್ಕೇಲಿನಲ್ಲಿ ಅಳೆದು ಬರೆಯಬೇಕು. ನಾನು ಗೆರೆ ಹಾಕಿ ಕೊಟ್ಟ ಹಾಳೆಯಲ್ಲಿ ನಾಲ್ಕು ಕಾಲಂಗಳಿದ್ದವು: ದಿನಾಂಕ, ಸ್ಥಳ, ಉದ್ದ, ಯಾವ ದೋಣಿ. ಕೇರಳದಲ್ಲಿ ಬಂಗುಡೆಗೆ 14 ಸೆಂ.ಮೀ., ಬೂತಾಯಿಗೆ 10 ಸೆಂ.ಮೀ. ಕನಿಷ್ಠ ಅಳತೆ ಎಂದು ನಿಗದಿಪಡಿಸಿದ್ದಾರೆ, ಅದಕ್ಕಿಂತ ಚಿಕ್ಕದನ್ನು ಹಿಡಿಯುವಂತಿಲ್ಲ ಎಂದೂ ತರಗತಿಯಲ್ಲಿ ಹೇಳಿದ್ದೆ.

ಮರುದಿನ ಕಪ್ಪುಹಲಗೆಯ ಮೇಲೆ ಸ್ತಂಭನಕ್ಷೆ ಬಿಡಿಸಿದೆವು. ಒಬ್ಬ ಹುಡುಗಿಯ ಹಾಳೆಯಲ್ಲಿ 12, 12.5, 13 ಎಂದೇ ಇತ್ತು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಆ ದೋಣಿಯ ಹೆಸರನ್ನು ಗಟ್ಟಿಯಾಗಿ ಓದಿದ. ಅವಳ ತಂದೆ ಕೆಲಸಕ್ಕೆ ಹೋಗುವ ದೋಣಿ ಅದು. ತರಗತಿ ನಕ್ಕಿತು. ಅದರ ಮರುದಿನ ಅವಳ ಹಾಳೆಯಲ್ಲಿ ಹತ್ತೂ ಮೀನುಗಳು 15 ಸೆಂ.ಮೀ. ಆಗಿದ್ದವು. ರಬ್ಬರಿನಲ್ಲಿ ಉಜ್ಜಿದ ಗುರುತು ಹಾಗೇ ಇತ್ತು. ಯಾಕೆ ಎಂದು ಕೇಳಿದ್ದಕ್ಕೆ ಅವಳು ತಲೆ ತಗ್ಗಿಸಿಕೊಂಡೇ ಹೇಳಿದಳು: “ಬಲೆ ಹಾಕುವತ್ತಿಗೆ ಅಪ್ಪಯ್ಯ ಮೀನಿನ ಅಳ್ತೆ ಮಾಡೂಕಾತ್ತಾ ಟೀಚರೇ?”

ಆ ದಿನದ ನನ್ನ ಪಾಠ ದಾಖಲೆ ಪುಸ್ತಕದಲ್ಲಿ ‘ವಿದ್ಯಾರ್ಥಿಗಳು ದತ್ತಾಂಶ ಸಂಗ್ರಹಿಸುವ ಕೌಶಲ ಗಳಿಸಿದರು’ ಎಂದು ಬರೆದು ಸಹಿ ಹಾಕಿಸಿಕೊಂಡಿದ್ದೇನೆ. ಆ ವಾಕ್ಯ ಸುಳ್ಳು. ಒಬ್ಬ ವಿದ್ಯಾರ್ಥಿನಿಗೆ ನಾನು ಕಲಿಸಿದ್ದು ದತ್ತಾಂಶ ತಿದ್ದುವುದನ್ನು. ಈ ಲೇಖನ ಬರೆಯಲು ಅದೇ ಕಾರಣ.

ಕಡಲನ್ನು ಅಲ್ಲಿಯ ಜನರೇ ಗಮನಿಸಿ ದಾಖಲಿಸಬೇಕು ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಅದು ಒಳ್ಳೆಯ ಮಾತು ಎಂದೇ ನಾನು ಈಗಲೂ ನಂಬುತ್ತೇನೆ. ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರವು 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಹೋಲಿಸಿ, ದೇಶದ ಕರಾವಳಿಯ ಸುಮಾರು ಮೂರನೇ ಒಂದು ಭಾಗ ಕೊರೆತಕ್ಕೆ ಸಿಕ್ಕಿದೆ ಎಂದು ಹೇಳಿತು. ಆದರೆ ಒಂದು ಊರಿನ ಒಂದು ತೆಂಗಿನ ಮರದ ಬುಡದಲ್ಲಿ ಈ ವರ್ಷ ಎಷ್ಟು ಮರಳು ಹೋಯಿತು, ಎಷ್ಟು ಮರಳಿ ಬಂತು ಎಂಬುದನ್ನು ತಿಂಗಳು ತಿಂಗಳು ನೋಡಬಲ್ಲವರು ಆ ಊರಿನವರೇ. ಮೀನಿನ ವಿಷಯವೂ ಅಷ್ಟೇ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಆಯ್ದ ಬಂದರುಗಳಲ್ಲಿ, ಆಯ್ದ ದಿನಗಳಲ್ಲಿ ಮಾದರಿ ತೆಗೆಯುತ್ತಾರೆ. ಕೈರಂಪಣಿ ಎಳೆಯುವ ಸಣ್ಣ ದಂಡೆಯಲ್ಲಿ ಪ್ರತಿದಿನ ನಿಲ್ಲಲು ಅವರಿಗೆ ಸಾಧ್ಯವಿಲ್ಲ.

ಅಳೆಯುವುದು ದುಬಾರಿಯೂ ಅಲ್ಲ. ಕೆ.ಒ. ಎಮರಿ ಎಂಬ ಭೂವಿಜ್ಞಾನಿ 1961ರಲ್ಲಿ ಪ್ರಕಟಿಸಿದ ವಿಧಾನಕ್ಕೆ ಬೇಕಾದದ್ದು ಎರಡು ಕೋಲು, ಒಂದು ಹಗ್ಗ, ಸ್ವಚ್ಛವಾದ ದಿಗಂತ. ಸಮಾನ ಎತ್ತರದ ಎರಡು ಕೋಲುಗಳಿಗೆ ಸೆಂಟಿಮೀಟರ್ ಗುರುತು ಹಾಕಿ, ದಂಡೆಯ ಇಳಿಜಾರಿನಲ್ಲಿ ನಿಗದಿತ ಅಂತರದಲ್ಲಿ ನೆಟ್ಟಗೆ ನಿಲ್ಲಿಸಬೇಕು. ಕಡಲ ಬದಿಯ ಕೋಲಿನ ತುದಿಯನ್ನೂ ದಿಗಂತವನ್ನೂ ಒಂದೇ ಗೆರೆಗೆ ತಂದು ನೋಡಿದರೆ, ಆ ಗೆರೆ ನೆಲದ ಬದಿಯ ಕೋಲಿನ ತುದಿಯಿಂದ ಎಷ್ಟು ಕೆಳಗೆ ಹಾಯುತ್ತದೋ ಅಷ್ಟು ನೆಲ ಇಳಿದಿದೆ ಎಂದರ್ಥ. ಕೋಲುಗಳನ್ನು ಮುಂದೆ ಸರಿಸುತ್ತ ಹೋದರೆ ದಂಡೆಯ ಪೂರ್ತಿ ಅಡ್ಡಕೊಯ್ತ ಸಿಗುತ್ತದೆ. ನಮ್ಮ ಮಕ್ಕಳು ಅಡಿಕೆ ದಬ್ಬೆಯಲ್ಲಿ ಕೋಲು ಮಾಡಿದರು. ಅರ್ಧ ಗಂಟೆಯಲ್ಲಿ ಕಲಿತರು. ಗಣಿತದಲ್ಲಿ ಹಿಂದುಳಿದವನು ಎಂದು ನನಗೆ ಪರಿಚಯಿಸಲಾಗಿದ್ದ ಹುಡುಗನೇ ಋಣ ಸಂಖ್ಯೆಗಳನ್ನು ತಪ್ಪಿಲ್ಲದೆ ಕೂಡುತ್ತಿದ್ದ.

ಆದರೆ ನಾವು ಅಳೆಯುತ್ತಿದ್ದಾಗ ಬಲೆ ಬಿಡಿಸುತ್ತ ಕುಳಿತಿದ್ದ ಹಿರಿಯರೊಬ್ಬರು ಒಂದು ಮಾತು ಹೇಳಿದರು. ಈಗ ಅಳೆದರೆ ಏನು ಸಿಗುತ್ತದೆ, ಮಳೆಗಾಲದಲ್ಲಿ ಕಡಲು ಮರಳು ಒಯ್ಯುತ್ತದೆ, ಮಳೆ ಮುಗಿದ ಮೇಲೆ ತಂದು ಹಾಕುತ್ತದೆ, ತಂದು ಹಾಕದ ವರ್ಷ ಮಾತ್ರ ಹೆದರಬೇಕು ಎಂದು. ನನ್ನ ಪಾಠ ಯೋಜನೆಯ ದೊಡ್ಡ ದೋಷವನ್ನು ಅವರು ಹಾಗೆ ಹೇಳಿಬಿಟ್ಟರು. ಒಂದು ಸಲದ ಅಳತೆ ಕೇವಲ ಒಂದು ಚಿತ್ರ. ಅದೇ ಜಾಗದಲ್ಲಿ, ಅದೇ ಇಳಿತದ ಹೊತ್ತಿನಲ್ಲಿ, ವರ್ಷಗಟ್ಟಲೆ ಅಳೆದರೆ ಮಾತ್ರ ಅದು ಮಾಹಿತಿ. ನಮ್ಮ ಅಭ್ಯಾಸ ಬೋಧನೆ ಕೆಲವು ವಾರಗಳಲ್ಲಿ ಮುಗಿಯುತ್ತದೆ. ಆ ಕೋಲುಗಳು ಈಗ ಶಾಲೆಯ ಯಾವ ಮೂಲೆಯಲ್ಲಿವೆಯೋ ನನಗೆ ಗೊತ್ತಿಲ್ಲ.

ಚೆನ್ನೈಯಲ್ಲಿ ವಿದ್ಯಾರ್ಥಿಗಳ ಒಂದು ಸಂಘಟನೆ 1988ರಿಂದ ಕಡಲಾಮೆಗಳಿಗಾಗಿ ರಾತ್ರಿ ದಂಡೆಯುದ್ದಕ್ಕೂ ನಡೆಯುತ್ತಿದೆ. ಗೂಡುಗಳನ್ನು ಗುರುತಿಸಿ, ಮೊಟ್ಟೆಗಳನ್ನು ಸುರಕ್ಷಿತ ಜಾಗಕ್ಕೆ ಸಾಗಿಸಿ, ಲೆಕ್ಕ ಇಡುತ್ತದೆ. ಓದು ಮುಗಿಸಿ ಹೋಗುವವರು ಹೊಸಬರಿಗೆ ಕೆಲಸ ಒಪ್ಪಿಸಿ ಹೋಗುವುದರಿಂದಲೇ ಅದು ಉಳಿದಿದೆ. 2017ರಲ್ಲಿ ಸಿಡ್ನಿಯ ದಂಡೆಗಳಲ್ಲಿ ಶುರುವಾದ ‘ಕೋಸ್ಟ್‌ಸ್ನ್ಯಾಪ್’ ಯೋಜನೆಯಲ್ಲಿ ಒಂದು ಕಂಬಕ್ಕೆ ಮೊಬೈಲ್ ಇಡುವ ಚೌಕಟ್ಟು ಕೂರಿಸಿರುತ್ತಾರೆ. ದಾರಿಹೋಕರು ಯಾರೇ ಫೋಟೋ ತೆಗೆದರೂ ಕೋನ ಒಂದೇ ಇರುತ್ತದೆ. ಎರಡರಲ್ಲೂ ಜನ ಬದಲಾಗುತ್ತಾರೆ, ಜಾಗ ಮತ್ತು ಕ್ರಮ ಬದಲಾಗುವುದಿಲ್ಲ. ನಮ್ಮ ಯೋಜನಾ ಕಾರ್ಯಗಳಲ್ಲಿ ಇದು ಉಲ್ಟಾ. ಪ್ರತಿ ತಂಡವೂ ಹೊಸ ವಿಷಯ ಹುಡುಕುತ್ತದೆ, ಹಳೆಯ ಕಡತ ಕಪಾಟು ಸೇರುತ್ತದೆ.

ಆ ಹುಡುಗಿಯ ವಿಷಯಕ್ಕೆ ಮರಳುತ್ತೇನೆ. ಅವಳ ತಂದೆ ದೋಣಿಯ ಮಾಲೀಕರಲ್ಲ, ಪಾಲಿಗೆ ದುಡಿಯುವವರು. ಬಲೆಯ ಕಣ್ಣು ಎಷ್ಟಿರಬೇಕು, ಎಲ್ಲಿ ಬೀಸಬೇಕು ಎಂದು ತೀರ್ಮಾನಿಸುವವರು ಅವರಲ್ಲ. ಮರಿಮೀನನ್ನು ಕೊಳ್ಳುವ ಫಿಶ್‌ಮೀಲ್ ಕಾರ್ಖಾನೆಗಳಿವೆ, ತೀರಿಸಬೇಕಾದ ಸಾಲವಿದೆ, ಡೀಸೆಲ್ ಖರ್ಚಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿರುವಾಗ ಇಂಥ ಮನೆಗಳಲ್ಲಿ ಕೂಲಿಯೂ ಇರುವುದಿಲ್ಲ. ನನ್ನ ‘ಯಾವ ದೋಣಿ’ ಎಂಬ ಕಾಲಂ ಇದೆಲ್ಲವನ್ನೂ ಬದಿಗಿಟ್ಟು, ತಪ್ಪನ್ನು ನೇರವಾಗಿ ಹದಿಮೂರು ವರ್ಷದ ಹುಡುಗಿಯ ಬೆಂಚಿಗೆ ತಂದು ಕೂರಿಸಿತು. ಮೀನಿನ ಉದ್ದ ತಿಳಿಯಲು ಆ ಕಾಲಂ ಬೇಕಾಗಿಯೇ ಇರಲಿಲ್ಲ. ಹಾಳೆ ತುಂಬಿದಂತೆ ಕಾಣಲಿ ಎಂದು ಹಾಕಿದ್ದೆ.

ಮೀನುಗಾರರ ಮಕ್ಕಳನ್ನು ಇದರಿಂದ ದೂರ ಇಟ್ಟರೆ ಆಯಿತು ಎಂದು ಸಹಪಾಠಿಯೊಬ್ಬರು ಹೇಳಿದರು. ನಾನು ಒಪ್ಪುವುದಿಲ್ಲ. ಹಾಗೆ ಮಾಡಿದರೆ ಕಡಲನ್ನು ಅತಿ ಹೆಚ್ಚು ಬಲ್ಲವರನ್ನೇ ಹೊರಗಿಟ್ಟಂತಾಗುತ್ತದೆ. ಒಂದೇ ಮೀನಿಗೆ ಮಂಗಳೂರಿನಲ್ಲಿ ಬೂತಾಯಿ, ಕುಂದಾಪುರದಲ್ಲಿ ಬೈಗೆ, ಕಾರವಾರದ ಕಡೆ ತಾರ್ಲೆ ಎನ್ನುತ್ತಾರೆ ಎಂದು ನನಗೆ ಕಲಿಸಿದ್ದು ಆ ಮಕ್ಕಳೇ. ಮಕ್ಕಳ ಅಳತೆ ನಿಖರವಾಗಿರುವುದಿಲ್ಲ ಎಂಬ ಇನ್ನೊಂದು ಆಕ್ಷೇಪಕ್ಕೆ ಉತ್ತರ ಸುಲಭ. ಒಂದೇ ಮೀನನ್ನು ಇಬ್ಬರು ಬೇರೆ ಬೇರೆಯಾಗಿ ಅಳೆಯಲಿ, ವ್ಯತ್ಯಾಸವನ್ನೂ ಬರೆಯಲಿ. ನಿಖರತೆಗಿಂತ ದೊಡ್ಡ ಅಪಾಯ ಭಯ. ಹೆದರಿದವರು, ದೊಡ್ಡವರಾಗಲಿ ಚಿಕ್ಕವರಾಗಲಿ, ಕೇಳುವವರಿಗೆ ಬೇಕಾದ ಸಂಖ್ಯೆಯನ್ನೇ ಬರೆಯುತ್ತಾರೆ. ನಾನೂ ನನ್ನ ದಾಖಲೆ ಪುಸ್ತಕದಲ್ಲಿ ಅದನ್ನೇ ಮಾಡಿದೆ.

ಆದ್ದರಿಂದ ಕಾಲೇಜಿನ ಮುಂದೆ ಮೂರು ಬೇಡಿಕೆ ಇಡುತ್ತೇನೆ. ಒಂದು, ಅಭ್ಯಾಸ ಬೋಧನೆಯ ಕಡಲ ಬದಿಯ ಶಾಲೆಗಳಲ್ಲಿ ಒಂದೊಂದು ಸ್ಥಿರ ಬಿಂದು ಗುರುತಿಸಿ, ದಂಡೆಯ ಅಳತೆಯ ಕಡತ ಕಾಲೇಜಿನಲ್ಲೂ ಪ್ರತಿ ಶಾಲೆಯಲ್ಲೂ ಇರಲಿ. ಪ್ರತಿ ಪ್ರಶಿಕ್ಷಣಾರ್ಥಿ ತಂಡ ಅದನ್ನು ಮುಂದುವರಿಸಿ ಮುಂದಿನ ತಂಡಕ್ಕೆ ಒಪ್ಪಿಸಲಿ. ಎರಡು, ಮೀನಿನ ಅಳತೆಗೆ ಸಂತೆಯ ಮೀನನ್ನು ಬಳಸೋಣ. ದೋಣಿ, ಮನೆ, ಹೆಸರು ಯಾವುದೂ ಹಾಳೆಯಲ್ಲಿ ಬೇಡ. ಏನನ್ನು ಅಳೆಯಬೇಕು ಎಂಬ ಪ್ರಶ್ನೆಯನ್ನು ಊರಿನವರ ಜೊತೆ ಕೂತು ಗೊತ್ತುಮಾಡಿ, ಫಲಿತಾಂಶವನ್ನು ಮೊದಲು ಅವರ ಮುಂದೆಯೇ ಓದೋಣ. ಮೂರು, ಪಾಠ ವೀಕ್ಷಣೆಯ ನಮೂನೆಯಲ್ಲಿ ‘ಉದ್ದೇಶ ಈಡೇರಿದೆಯೇ’ ಎಂಬುದರ ಕೆಳಗೆ ‘ಏನು ತಪ್ಪಿತು’ ಎಂಬ ಒಂದು ಸಾಲು ಸೇರಲಿ, ಅದನ್ನು ಪ್ರಾಮಾಣಿಕವಾಗಿ ತುಂಬಿದವರ ಅಂಕ ಕಡಿಮೆಯಾಗದಿರಲಿ.

ಕೊನೆಯ ದಿನ ಆ ಹುಡುಗಿಯನ್ನು ಕರೆದು, ತಪ್ಪು ನನ್ನ ಹಾಳೆಯದ್ದು, ನೀನು ಮೊದಲು ಬರೆದ ಅಳತೆ ಸರಿಯಾಗಿತ್ತು ಎಂದೆ. ಅವಳು ಏನೂ ಹೇಳಲಿಲ್ಲ. ಹೊರಡುವಾಗ ಮಾತ್ರ, ಬರುವ ವರ್ಷ ಬರುವ ಟೀಚರ್ ಕೂಡ ದಂಡೆ ಅಳೆಯುತ್ತಾರಾ ಎಂದು ಕೇಳಿದಳು. ನನ್ನ ಬಳಿ ಉತ್ತರ ಇರಲಿಲ್ಲ. ಅದನ್ನು ಕೊಡಬೇಕಾದವರು ಮುಂದಿನ ತಂಡದ ನೀವು.