ಕೀಲಿ ಕಿತ್ತುಕೊಳ್ಳುವ ಗೆಳೆಯ ಬೇಕು

ಗೆಳೆಯನ ಹುಟ್ಟುಹಬ್ಬಕ್ಕೆ ಹೊಸಪೇಟೆಯಿಂದ ಹಂಪಿ ಕಡೆಗೋ, ಸಂಡೂರಿನ ಗುಡ್ಡದ ಕಡೆಗೋ ಬೈಕ್ ಏರಿ ಹೋಗುವುದು ನಮ್ಮ ಕಡೆಯ ಕಾಲೇಜು ಹುಡುಗರಿಗೆ ಹೊಸದೇನಲ್ಲ. ಕೆಲವೊಮ್ಮೆ ಕೇಕ್ ಜೊತೆ ಬಾಟಲಿಯೂ ಬಂದಿರುತ್ತದೆ. ವಾಪಸ್ ಹೊರಡುವಾಗ, ‘ನಂಗೇನೂ ಆಗಿಲ್ಲ, ನಾನೇ ಓಡಿಸ್ತೀನಿ ಬಿಡಲೇ’ ಎನ್ನುತ್ತಾನೆ ಒಬ್ಬ. ಯಾರೂ ಎದುರು ಮಾತನಾಡುವುದಿಲ್ಲ. ಎಷ್ಟೋ ಅಪಘಾತಗಳು ಶುರುವಾಗುವುದು ಆ ಮೌನದಿಂದಲೇ.

ನಮ್ಮ ರಸ್ತೆಗಳು ತಪ್ಪನ್ನು ಮನ್ನಿಸುವಂಥವಲ್ಲ. ಸಂಡೂರು ದಾರಿಯಲ್ಲಿ ಘಾಟಿ ತಿರುವು, ಅದಿರು ಲಾರಿ. ಕಂಪ್ಲಿ ದಾರಿಯಲ್ಲಿ ಕಬ್ಬು, ಭತ್ತ ಹೇರಿದ ಟ್ರ್ಯಾಕ್ಟರ್‌ಗಳು. ಕೆಲವಕ್ಕೆ ಹಿಂದೆ ಕೆಂಪು ದೀಪವೂ ಇರುವುದಿಲ್ಲ. ಹಂಪಿಯಲ್ಲಿ ನಡೆದು, ಸೈಕಲ್ ತುಳಿದು ಹೋಗುವ ಪ್ರವಾಸಿಗರು. ಗಂಟೆಗೆ 80 ಕಿ.ಮೀ. ವೇಗದ ಬೈಕ್ ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಅಮಲಿನಲ್ಲಿ ಬ್ರೇಕ್ ಹಿಡಿಯಲು ಒಂದೇ ಸೆಕೆಂಡ್ ತಡವಾದರೂ ಟ್ರ್ಯಾಕ್ಟರ್ ಎದುರಿಗೇ ಬಂದಿರುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1.68 ಲಕ್ಷ ಜನ ಸತ್ತರು. ಹತ್ತರಲ್ಲಿ ಏಳು ಸಾವಿಗೆ ಅತಿವೇಗವೇ ಕಾರಣ ಎನ್ನುತ್ತದೆ ಕೇಂದ್ರ ಸಾರಿಗೆ ಸಚಿವಾಲಯದ ವರದಿ.

ಕಾನೂನು ಇಲ್ಲವೆಂದಲ್ಲ. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಮದ್ಯಾಂಶ ಇದ್ದರೆ, ಮೊದಲ ಸಲವೇ ₹10 ಸಾವಿರ ದಂಡ, 6 ತಿಂಗಳವರೆಗೆ ಜೈಲು ಅಥವಾ ಎರಡೂ. ಬಾಲಕನ ಕೈಗೆ ಗಾಡಿ ಕೊಟ್ಟ ಪೋಷಕರಿಗೆ ₹25 ಸಾವಿರ ದಂಡದ ಜೊತೆ 3 ವರ್ಷದವರೆಗೆ ಜೈಲು. ಕೆಲಸ ಹುಡುಕುತ್ತಿರುವವರು ಇನ್ನೊಂದು ಮಾತು ನೆನಪಿಡಬೇಕು: ಚಾಲಕ ಹುದ್ದೆಯಿಂದ ಡೆಲಿವರಿ ಕೆಲಸದವರೆಗೆ ಮೊದಲು ಕೇಳುವುದು ಲೈಸೆನ್ಸ್. ಅದು ಅಮಾನತಾದರೆ ಕೈಗೆ ಬಂದ ಕೆಲಸವೂ ತಪ್ಪುತ್ತದೆ.

ಪೊಲೀಸರ ತಪಾಸಣೆ ವಾರಾಂತ್ಯದ ಸಂಜೆ, ಪ್ರವಾಸಿ ತಾಣಗಳಿಂದ ವಾಪಸಾಗುವ ದಾರಿಯಲ್ಲಿ ಹೆಚ್ಚಬೇಕು. ಟ್ರ್ಯಾಕ್ಟರ್ ಟ್ರೇಲರ್‌ಗಳಿಗೆ ಹೊಳೆಯುವ ಸ್ಟಿಕ್ಕರ್ ಕಡ್ಡಾಯವಾಗಿ ಅಂಟಿಸಬೇಕು. ರಾತ್ರಿ ಬಸ್‌ಗಳು ಹೆಚ್ಚಬೇಕು. ಬಸ್ಸೇ ಇಲ್ಲದ ಊರಿಗೆ ‘ಕುಡಿದರೆ ಬಸ್ಸಿಗೆ ಹೋಗಿ’ ಎಂದು ಹೇಳುವುದು ಹೇಗೆ? ಟ್ರಿಪ್ ಲೆಕ್ಕದಲ್ಲಿ ದುಡ್ಡು ಸಿಗುವ ತನಕ ಲಾರಿ ಚಾಲಕನಿಗೆ ‘ನಿಧಾನ’ ಎಂಬ ಬೋರ್ಡ್ ಕಾಣುವುದಿಲ್ಲ. ಮಾಲೀಕರನ್ನೂ ಹೊಣೆ ಮಾಡಬೇಕು.

ಆದರೆ ಪ್ರತಿ ತಿರುವಿನಲ್ಲೂ ಪೊಲೀಸರು ನಿಲ್ಲಲಾರರು. ಗೆಳೆಯರು ಮಾತ್ರ ಪ್ರತಿ ಬೈಕಿನ ಪಕ್ಕದಲ್ಲೂ ಇರುತ್ತಾರೆ. ಗುಂಪಿನಲ್ಲಿ ಒಬ್ಬ ಕುಡಿಯದೆ ಇರಲಿ; ಕುಡಿದವನ ಕೀಲಿ ಅವನ ಜೇಬಿಗೆ ಹೋಗಲಿ. ಗೆಳೆಯ ಸಿಟ್ಟಾಗಿ ಬೈಯಬಹುದು. ಬೈಯಲಿ. ಬೆಳಿಗ್ಗೆ ಎದ್ದು ಕೀಲಿ ಕೇಳಿಕೊಂಡು ಬರಲು ಅವನು ಇರುತ್ತಾನಲ್ಲ, ಅಷ್ಟು ಸಾಕು.