ಅಶ್ವಗಂಧ: ಘೋಷಣೆಗಿಂತ ಗುಣಮಟ್ಟವೇ ಬಂಡವಾಳವಾಗಲಿ

2021ರಲ್ಲಿ ಕೋವಿಡ್ ಎರಡನೆಯ ಅಲೆಯ ಬೆನ್ನಿಗೇ ಕಪ್ಪು ಶಿಲೀಂಧ್ರ ರೋಗ ಕಾಣಿಸಿಕೊಂಡು, ಆಂಫೊಟೆರಿಸಿನ್-ಬಿ ಚುಚ್ಚುಮದ್ದಿಗೆ ದೇಶದಲ್ಲಿ ತೀವ್ರ ಅಭಾವ ಉಂಟಾದುದನ್ನು ನಾವೆಲ್ಲರೂ ಬಲ್ಲೆವು. ‘ರೋಗನಿರೋಧಕ ಶಕ್ತಿ’ಯ ಹೆಸರಿನಲ್ಲಿ ಗಿಡಮೂಲಿಕೆ ಮಾರುವ ವರ್ತಕ ಬಾಂಧವರು, ಇಂತಹ ಸೋಂಕಿನ ಎದುರು ಮೂಲಿಕೆ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ಅರಿತಿರುವುದು ಅವಶ್ಯ.

ಹಿರೇಮದ್ದು ಎಂದು ನಾವು ಕರೆಯುವ ಅಶ್ವಗಂಧವನ್ನೇ ಗಮನಿಸೋಣ. ಇದರ ಬೇರಿನಲ್ಲಿರುವ ಮುಖ್ಯ ಸಂಯುಕ್ತಗಳು ವಿಥನೊಲೈಡ್‌ಗಳು. 1998ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಆಸ್ಪರ್ಜಿಲಸ್ ಶಿಲೀಂಧ್ರದ ಸೋಂಕು ತಗುಲಿಸಿದ ಇಲಿಗಳಿಗೆ ದೇಹತೂಕದ ಪ್ರತಿ ಕಿಲೋಗೆ 100 ಮಿಲಿಗ್ರಾಂನಂತೆ ಏಳು ದಿನ ಅಶ್ವಗಂಧ ನೀಡಲಾಯಿತು. ಅವು ಹೆಚ್ಚು ಕಾಲ ಬದುಕಿದವು. ಶಿಲೀಂಧ್ರವನ್ನು ನುಂಗಿ ನಾಶಪಡಿಸುವ ಮ್ಯಾಕ್ರೊಫೇಜ್ ಎಂಬ ರಕ್ಷಕ ಕೋಶಗಳ ಸಾಮರ್ಥ್ಯವೂ ವೃದ್ಧಿಸಿತ್ತು.

ಫಲಿತಾಂಶವು ಆಶಾದಾಯಕವೇ ಸರಿ. ಆದರೆ ಪ್ರಯೋಗ ನಡೆದದ್ದು ಇಲಿಗಳ ಮೇಲೆ. ಕಪ್ಪು ಶಿಲೀಂಧ್ರ ರೋಗವನ್ನುಂಟುಮಾಡುವ ಶಿಲೀಂಧ್ರವೂ ಬೇರೆಯೇ. ಇಷ್ಟನ್ನೇ ಆಧಾರವಾಗಿಟ್ಟುಕೊಂಡು ಡಬ್ಬಿಯ ಮೇಲೆ ‘ಶಿಲೀಂಧ್ರ ನಿವಾರಕ’ ಎಂದು ಅಚ್ಚು ಹಾಕಿಸುವುದು ನ್ಯಾಯವಲ್ಲ. ಜನರನ್ನು ದಾರಿ ತಪ್ಪಿಸುವ ಔಷಧ ಜಾಹೀರಾತನ್ನು 1954ರ ಕಾಯ್ದೆಯೇ ಶಿಕ್ಷಾರ್ಹವೆಂದು ಸಾರಿದೆ. ಅದಕ್ಕಿಂತ ಮಿಗಿಲಾಗಿ, ಅಂತಹ ಬರಹವನ್ನು ನಂಬಿ ಆಸ್ಪತ್ರೆಗೆ ಹೋಗಲು ತಡಮಾಡಿದ ರೋಗಿಯು ಕಣ್ಣನ್ನೋ ಪ್ರಾಣವನ್ನೋ ಕಳೆದುಕೊಳ್ಳಬಹುದು.

ಹಾಗಾದರೆ ನಾವು ಮಾರಬೇಕಾದದ್ದು ಏನನ್ನು? ಶುದ್ಧವಾದ, ಪರೀಕ್ಷಿಸಿದ ಬೇರನ್ನು. ಅಶ್ವಗಂಧದ ಎಲೆಯಲ್ಲಿಯೂ ವಿಥನೊಲೈಡ್‌ಗಳಿರುವುದರಿಂದ, ಬೇರಿನ ಸಾರಕ್ಕೆ ಅಗ್ಗದ ಎಲೆಯ ಸಾರವನ್ನು ಬೆರೆಸಿದರೂ ಒಟ್ಟು ಪ್ರಮಾಣವನ್ನಷ್ಟೇ ಅಳೆಯುವ ಪರೀಕ್ಷೆಯಲ್ಲಿ ಕಲಬೆರಕೆ ಪತ್ತೆಯಾಗದೆ ಹೋಗಬಹುದು. ಆಯುಷ್ ಸಚಿವಾಲಯವು 2021ರ ಅಕ್ಟೋಬರ್‌ನಲ್ಲಿಯೇ ಎಲೆಯನ್ನು ಬಳಸದಂತೆ ತಯಾರಕರಿಗೆ ಸೂಚಿಸಿತು. 2023ರಲ್ಲಿ ಡೆನ್ಮಾರ್ಕ್ ದೇಶವು ಸುರಕ್ಷತೆಯ ಕಾರಣ ನೀಡಿ ಅಶ್ವಗಂಧವನ್ನೇ ನಿಷೇಧಿಸಿತು. ಇಂತಹ ಸಂಶಯದ ವಾತಾವರಣದಲ್ಲಿ ಒಬ್ಬರು ಮಾಡಿದ ಕಲಬೆರಕೆಯ ಅಪಕೀರ್ತಿಯನ್ನು ಇಡೀ ಉದ್ಯಮವೇ ಹೊರಬೇಕಾಗುತ್ತದೆ.

ಪ್ರತಿ ಸರಕನ್ನೂ ಪ್ರಯೋಗಾಲಯಕ್ಕೆ ಕಳುಹಿಸುವುದು ಸಣ್ಣ ತಯಾರಕರಿಗೆ ಹೊರೆಯೆಂಬ ಮಾತಿನಲ್ಲಿ ಸತ್ಯವಿದೆ. ಆದುದರಿಂದ ನಮ್ಮ ವಾಣಿಜ್ಯ ಸಂಸ್ಥೆಗಳು ಮುಂದೆ ಬಂದು, ಮಾನ್ಯತೆ ಪಡೆದ ಪ್ರಯೋಗಾಲಯದೊಡನೆ ಸದಸ್ಯರೆಲ್ಲರ ಪರವಾಗಿ ರಿಯಾಯಿತಿ ದರದ ಒಪ್ಪಂದ ಮಾಡಿಕೊಳ್ಳಬೇಕು. ಖರೀದಿದಾರರು ಸಹ ವಿಥನೊಲೈಡ್‌ನ ಶೇಕಡಾವಾರು ಪ್ರಮಾಣದೊಂದಿಗೆ, ಸರಕು ಬೇರಿನದೇ ಎಂಬ ದೃಢೀಕರಣವನ್ನೂ ಬಿಲ್ಲಿನ ಜೊತೆಗೆ ಕೇಳುವ ರೂಢಿ ಬೆಳೆಸಿಕೊಳ್ಳಬೇಕು. ಮೂಲಿಕೆಯ ಗುಣವನ್ನು ಸಾಬೀತುಪಡಿಸುವುದು ವಿಜ್ಞಾನಿಗಳ ಕೆಲಸ. ಆ ಮೂಲಿಕೆಯನ್ನು ಶುದ್ಧವಾಗಿ ತಲುಪಿಸುವುದು ವರ್ತಕರ ಧರ್ಮ.