ಹೊಳೆ ಇಳಿದ ಮೇಲೆ ಕೇಳಬೇಕಾದ ಮಾತು

ಕೃಷ್ಣೆಯ ನಾರಾಯಣಪುರ ಅಣೆಕಟ್ಟೆಯ ಗೇಟು ಎತ್ತುವ ಮುನ್ನ ಹೊಳೆದಂಡೆಯ ಊರುಗಳಲ್ಲಿ ಡಂಗುರ ಹೊಡೆಸುತ್ತಾರೆ. 2009ರ ನೆರೆ ಕಂಡವರಿಗೆ, ಆಮೇಲೆ 2019ರಲ್ಲಿ ಕೃಷ್ಣೆ, 2020ರಲ್ಲಿ ಭೀಮೆ ಏರಿದ್ದನ್ನು ಕಂಡವರಿಗೆ ಆ ಸದ್ದಿಗೇ ಕೈಕಾಲು ತಣ್ಣಗಾಗುತ್ತವೆ. ಕೊಳ್ಳೂರು ಸೇತುವೆ ಮುಳುಗಿತಂತೆ ಎಂಬ ಸುದ್ದಿ ಸಾಕು, ಅಂದು ರಾತ್ರಿ ಅವರಿಗೆ ನಿದ್ದೆಯಿಲ್ಲ.

ಶಹಾಪುರ, ಸುರಪುರ ತಾಲ್ಲೂಕುಗಳಲ್ಲಿ ಆರೋಗ್ಯ ಸಹಾಯಕಿಯಾಗಿ ದುಡಿದವಳು ನಾನು. “ನರ್ಸಮ್ಮಾ, ನಿದ್ದಿ ಬರವಲ್ದು, ಎದಿ ಧಸಕ್ ಅಂತದ” ಎಂದು ಬರುತ್ತಿದ್ದವರಲ್ಲಿ ಹೆಚ್ಚಿನವರು ಐವತ್ತರ ಆಸುಪಾಸಿನ ಹೆಂಗಸರು. ಉಪಕೇಂದ್ರದಲ್ಲಿ ಇದ್ದದ್ದು ಬಿಪಿ ಯಂತ್ರ, ಕಬ್ಬಿಣಾಂಶದ ಗುಳಿಗೆ. ಮನೆಯವರು ಅಂತ್ರ ಕಟ್ಟಿಸುತ್ತಿದ್ದರು. ನೆರೆ ಇಳಿದರೂ ಬಿಡದ ಈ ಅಂಜಿಕೆಯನ್ನು ವೈದ್ಯರು ಪಿಟಿಎಸ್‌ಡಿ ಎನ್ನುತ್ತಾರೆ, ಆಘಾತದ ನಂತರ ಉಳಿಯುವ ಕಾಯಿಲೆ. ಅಮೆರಿಕದ ಮನೋವೈದ್ಯರು 1980ರಲ್ಲಿ ಈ ಹೆಸರಿಟ್ಟಾಗ ಅವರ ಕಣ್ಣೆದುರು ಮುಖ್ಯವಾಗಿ ಇದ್ದವರು ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರು. ಅದಕ್ಕೋ ಏನೋ, ಇದು ಗಂಡಸರ, ಬಂದೂಕಿನ ಕಾಯಿಲೆ ಎಂಬ ಭಾವನೆ ಇನ್ನೂ ಹೋಗಿಲ್ಲ. ನಿಜವೆಂದರೆ ಅಪಘಾತ, ಹೊಡೆದಾಟದಂಥ ಆಘಾತಕ್ಕೆ ಹೆಚ್ಚಾಗಿ ಸಿಕ್ಕುವವರು ಗಂಡಸರಾದರೂ ಈ ಕಾಯಿಲೆ ಹೆಂಗಸರಲ್ಲಿ ಸುಮಾರು ಎರಡರಷ್ಟು. ಡೆನ್ಮಾರ್ಕಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಂಡಸರಲ್ಲಿ ನಲವತ್ತು ದಾಟುತ್ತಲೇ, ಹೆಂಗಸರಲ್ಲಿ ಐವತ್ತು ದಾಟುತ್ತಲೇ ಇದು ಅತಿ ಹೆಚ್ಚು ಕಂಡಿತ್ತು.

ನಮ್ಮಲ್ಲಿ ಆ ವಯಸ್ಸಿನ ಹೆಂಗಸಿನ ಮೇಲೆ ಬೀಳುವ ಭಾರವೇ ಬೇರೆ. ಮಗ, ಸೊಸೆ ದುಡಿಯಲು ಬೆಂಗಳೂರಿಗೋ ಪುಣೆಗೋ ಹೋಗಿರುತ್ತಾರೆ. ನೀರು ಬಂದಾಗ ಮೊಮ್ಮಗುವನ್ನು ಬಗಲಲ್ಲಿ, ಜೋಳದ ಚೀಲವನ್ನು ತಲೆ ಮೇಲೆ ಹೊತ್ತು ಗುಡಿಕಟ್ಟೆ ಏರುವವಳು ಅಜ್ಜಿ. ಗಂಜಿ ಕೇಂದ್ರದಲ್ಲಿ ಹರೆಯದ ಮೊಮ್ಮಗಳ ಕಾವಲಿಗೆ ರಾತ್ರಿಯಿಡೀ ಎಚ್ಚರವಿರುವವಳೂ ಅವಳೇ. ತಾನು ಅತ್ತರೆ ಮಕ್ಕಳು ಅಂಜುತ್ತವೆಂದು ಅಳುವುದಿಲ್ಲ. ತಿಂಗಳು ಕಳೆದ ಮೇಲೆ ಮೈ ಉರಿ, ತಲೆಶೂಲೆ ಎಂದು ಬರುತ್ತಾಳೆ. ಸಣ್ಣ ಮಕ್ಕಳಿಗೆ ಅಷ್ಟು ಹೇಳಲೂ ಬರುವುದಿಲ್ಲ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ರೂಢಿ ಮರಳುತ್ತದೆ, ಮಣ್ಣಿನ ಮನೆ ಕಟ್ಟಿ ನೀರು ಸುರಿದು ಕೆಡವುವ ಆಟವನ್ನೇ ಆಡುತ್ತವೆ. ಗಂಡಸರಲ್ಲಿ ಬಹಳ ಸಲ ಇದು ಸಿಟ್ಟು, ಕುಡಿತವಾಗಿ ಹೊರಬೀಳುತ್ತದೆ. ಅದನ್ನು ಚಟವೆಂದು ತಳ್ಳಿಹಾಕುತ್ತೇವೆ.

ನೆರೆ ಇಳಿದ ಮೇಲೆ ಬಿದ್ದ ಗೋಡೆ, ಕೊಚ್ಚಿಹೋದ ಬೆಳೆ, ಸತ್ತ ದನದ ಪಟ್ಟಿ ಆಗುತ್ತದೆ. ಆಗಲೇಬೇಕು. ಅದೇ ಪಟ್ಟಿ ಹಿಡಿದು ಒಂದು ತಿಂಗಳ ಮೇಲೆ ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗಲಿ, ಆರು ತಿಂಗಳಿಗೆ ಮತ್ತೊಮ್ಮೆ. ಮೊದಲ ವಾರಗಳ ಅಂಜಿಕೆ ಬಹಳ ಜನರಲ್ಲಿ ತಾನಾಗಿ ಇಳಿಯುತ್ತದೆ. ತಿಂಗಳು ಮೀರಿಯೂ ಉಳಿದದ್ದಕ್ಕೆ ಚಿಕಿತ್ಸೆ ಬೇಕು, ಚಿಕಿತ್ಸೆ ಇದೆ ಕೂಡ. ಅತ್ತೆಯನ್ನು ಸೊಸೆಯೆದುರು ಕೇಳಬಾರದು, ಹೆಂಗಸರನ್ನು ಗಂಡಸರೆದುರು ಕೇಳಬಾರದು. “ಯವ್ವಾ, ಕನಸಿನ್ಯಾಗ ನೀರು ಬರ್ತದೇನು? ಹೊಳಿ ಕಡಿ ಹೋಗ್ಲಾಕ ಅಂಜಿಕಿ ಆಗ್ತದೇನು?” ಇಷ್ಟು ಕೇಳಿದರೆ ಮಾತು ತಾನಾಗಿ ಬರುತ್ತದೆ.

2022ರಿಂದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಆದರೆ ಎಷ್ಟೋ ಮನೆಗಳ ಮೊಬೈಲು ಇರುವುದು ಬೆಂಗಳೂರಿನಲ್ಲಿ, ಮಗನ ಜೇಬಿನಲ್ಲಿ. ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಮನೋಚೈತನ್ಯ ಯೋಜನೆಯೂ ರಾಜ್ಯದಲ್ಲಿದೆ. ಮೊಮ್ಮಕ್ಕಳನ್ನು ಬಿಟ್ಟು, ಕೂಲಿ ಕಳೆದುಕೊಂಡು ಅಜ್ಜಿ ಅಲ್ಲಿಗೆ ಹೋಗಲಾರಳು. ನೆರೆ ಬಂದ ವರ್ಷವಾದರೂ ಆ ವೈದ್ಯರು ಕೆಲವು ಮಂಗಳವಾರ ಹೊಳೆದಂಡೆಯ ಉಪಕೇಂದ್ರಗಳಲ್ಲೇ ಕೂರುವಂತೆ ಜಿಲ್ಲಾಡಳಿತ ಆದೇಶ ಹೊರಡಿಸಲಿ.